ಸಹಿ ಮಾಡುವ ಮುನ್ನ ಏನು ಕೇಳಬೇಕು?

ಪತ್ರ: ಬೆಳಿಗ್ಗೆ ಆರಕ್ಕೆ ಚಹಾ ಕುಡಿಯುವಾಗ ನಮ್ಮ ಮಾವನವರಿಗೆ ಲಕ್ವಾ ಹೊಡೆಯಿತು. ಒಂಬತ್ತಕ್ಕೆ ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟಿದೆವು. ಸ್ಕ್ಯಾನ್ ಮಾಡಿ, 'ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುತ್ತೇವೆ, ಮೆದುಳಲ್ಲಿ ರಕ್ತಸ್ರಾವ ಆಗಬಹುದು, ಸಹಿ ಮಾಡಿ' ಎಂದರು. ಯಜಮಾನರಿಗೆ ಧೈರ್ಯ ಬರಲಿಲ್ಲ. ಹಾವೇರಿಯಿಂದ ಬಾವನವರು ಬರಲಿ ಎಂದು ಕಾದೆವು. ಅಷ್ಟರಲ್ಲಿ ವೇಳೆ ಮೀರಿತು. ಈಗ ಮಾವನವರ ಎಡಗೈ ಏಳುತ್ತಿಲ್ಲ. ತಪ್ಪು ನಮ್ಮದೇನಾ?
– ಓದುಗರೊಬ್ಬರು, ಶಿರಹಟ್ಟಿ ತಾಲೂಕು

ಉತ್ತರ: ಸಹೋದರಿ, ನಿಮ್ಮ ಯಜಮಾನರನ್ನು ದೂರಬೇಡಿ. ಇಂಜೆಕ್ಷನ್ ಕೊಟ್ಟಿದ್ದರೆ ಕೈ ಖಂಡಿತ ಬರುತ್ತಿತ್ತು ಎಂದು ಯಾವ ಡಾಕ್ಟರೂ ಹೇಳಲಾರರು. ಆದರೆ ಈ ಸಹಿ ಹಿರಿಯರು ಬರುವ ತನಕ ಕಾಯುವಂಥದ್ದಲ್ಲ. ಇದು ಎಲ್ಲ ಮನೆಗಳಿಗೂ ಮೊದಲೇ ಗೊತ್ತಿರಬೇಕು.

ಲಕ್ವಾದಲ್ಲಿ ಎರಡು ಬಗೆ. ಹೆಚ್ಚಿನವರಿಗೆ ಮೆದುಳಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿರುತ್ತದೆ. ಕೆಲವರಿಗೆ ನಾಳ ಒಡೆದಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಡೆದವರಿಗೆ ಈ ಔಷಧ ಕೊಟ್ಟರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ಸಿಟಿ ಸ್ಕ್ಯಾನ್. ಮನೆಯಲ್ಲಿ ಆಸ್ಪಿರಿನ್ ಕೊಡಬಾರದು ಎನ್ನುವುದೂ ಅದಕ್ಕೇ. ನುಂಗಲು ಆಗದೆ ಶ್ವಾಸಕೋಶಕ್ಕೆ ಹೋಗಬಹುದು, ಹಾಗಾಗಿ ನೀರೂ ಬೇಡ.

ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವ ವೇಳೆ ನಾಲ್ಕೂವರೆ ಗಂಟೆ. ಆಸ್ಪತ್ರೆ ಮುಟ್ಟಿದ ಹೊತ್ತಿನಿಂದಲ್ಲ, ರೋಗಿ ಚೆನ್ನಾಗಿದ್ದುದನ್ನು ಕೊನೆಗೆ ಯಾರಾದರೂ ನೋಡಿದ ಹೊತ್ತಿನಿಂದ ಲೆಕ್ಕ. ರಾತ್ರಿ ಹತ್ತಕ್ಕೆ ಮಲಗಿದವರು ಬೆಳಿಗ್ಗೆ ಬಾಯಿ ವಾರೆಯಾಗಿ ಎದ್ದರೆ ರಾತ್ರಿ ಹತ್ತರಿಂದಲೇ ಲೆಕ್ಕ. ಅಂಥವರಲ್ಲೂ ಕೆಲವರಿಗೆ ಬೇರೆ ಸ್ಕ್ಯಾನ್ ನೋಡಿ ಚಿಕಿತ್ಸೆ ಕೊಡುತ್ತಾರೆ. ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ಸಂದಿಯಿಂದ ಸಣ್ಣ ನಳಿಕೆ ಕಳಿಸಿ ಗಡ್ಡೆ ಎಳೆದು ತೆಗೆಯುವುದೂ ಉಂಟು. ಆದ್ದರಿಂದ ತಡವಾಯಿತು ಎಂದು ಮನೆಯಲ್ಲೇ ಕೂರಬೇಡಿ. ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ನಾಲ್ಕೂವರೆ ಗಂಟೆ ಕೊನೆಯ ಗಡುವು ಅಷ್ಟೇ. ಮೊದಲ ಗಂಟೆಯಲ್ಲಿ ಕೊಟ್ಟರೆ ಲಾಭ ಜಾಸ್ತಿ.

ಅಪಾಯ ಇದೆ ಅಲ್ವಾ ಎಂದರೆ, ಹೌದು, ಇದೆ. 1995ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ, ಈ ಔಷಧ ಪಡೆದ ನೂರರಲ್ಲಿ ಸುಮಾರು ಆರು ಜನಕ್ಕೆ ಮೆದುಳಲ್ಲಿ ತೊಂದರೆ ಕೊಡುವಂಥ ರಕ್ತಸ್ರಾವ ಆಯಿತು. ಆದರೆ ಮೂರು ತಿಂಗಳ ನಂತರ ನೋಡಿದರೆ, ಹೆಚ್ಚು ಊನ ಇಲ್ಲದೆ ಸುಧಾರಿಸಿದವರು ಔಷಧ ಪಡೆದವರಲ್ಲೇ ಜಾಸ್ತಿ. ಸಾವು ಹೆಚ್ಚಲಿಲ್ಲ. ನಿಮ್ಮ ಯಜಮಾನರಿಗೆ ಆ ಹೊತ್ತಿನಲ್ಲಿ ಈ ಎರಡನೇ ಮಾತನ್ನೂ ಯಾರಾದರೂ ಸಮಾಧಾನದಿಂದ ಹೇಳಬೇಕಿತ್ತು. ಹೇಳದಿದ್ದರೆ ನೀವೇ ಕೇಳಿ: ಸ್ಕ್ಯಾನ್‌ನಲ್ಲಿ ರಕ್ತ ಕಂಡಿತೇ? ಇವರಿಗೆ ಲಾಭ ಹೆಚ್ಚೋ ಅಪಾಯ ಹೆಚ್ಚೋ? ಕೊಡದಿದ್ದರೆ ಏನಾಗುತ್ತದೆ? ಇಷ್ಟಕ್ಕೆ ಐದು ನಿಮಿಷ ಸಾಕು. ಬಾವನವರ ಜೊತೆ ಫೋನಿನಲ್ಲೇ ಮಾತಾಡಬಹುದು.

ನೀವೂ ಕೆಲವು ಸಂಗತಿ ಬಚ್ಚಿಡದೆ ಹೇಳಬೇಕು. ಇತ್ತೀಚೆಗೆ ಆಪರೇಷನ್ ಆಗಿದೆಯೇ, ತಲೆಗೆ ಪೆಟ್ಟು ಬಿದ್ದಿತ್ತೇ, ಹಿಂದೆ ಮೆದುಳಲ್ಲಿ ರಕ್ತಸ್ರಾವ ಆಗಿತ್ತೇ, ಅಸಿಟ್ರಾಮ್‌ನಂಥ ರಕ್ತ ತೆಳುಮಾಡುವ ಮಾತ್ರೆ ನಡೆದಿದೆಯೇ? ದಾರಿಯಲ್ಲಿ ಊರ ಡಾಕ್ಟರು ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿದ್ದರೆ ಅದನ್ನೂ ಹೇಳಿ. ಗಡ್ಡೆ ಕರಗಿಸುವ ಔಷಧ ಹೋದ ಮೇಲೆ ಚುಚ್ಚಿದ ಜಾಗದಲ್ಲೂ ರಕ್ತ ಸೋರುತ್ತದೆ. ಹಳೆಯ ಚೀಟಿ, ಮಾತ್ರೆಯ ಪಟ್ಟಿ ಚೀಲಕ್ಕೆ ಹಾಕಿಕೊಂಡೇ ಹೊರಡಿ. ಔಷಧ ಕೊಡುವುದು ತೂಕದ ಲೆಕ್ಕದಲ್ಲಿ, ಅದೂ ಗೊತ್ತಿರಲಿ.

ಹೃದಯಾಘಾತದ ಮಾತು ಸ್ವಲ್ಪ ಬೇರೆ. ಅಲ್ಲಿ ಇಸಿಜಿ ಸಾಕು, ಔಷಧಕ್ಕೆ ಹನ್ನೆರಡು ಗಂಟೆಯವರೆಗೂ ಅವಕಾಶವಿದೆ. ಮೊದಲ ಮೂರು ಗಂಟೆ ಬಹಳ ಮುಖ್ಯ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಎಂಬ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತ. ಎದೆನೋವಿಗೆ ಹತ್ತಿರದ ಆಸ್ಪತ್ರೆಗೆ ಓಡಿ. ಲಕ್ವಾಕ್ಕೆ ಮಾತ್ರ 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವಲ್ಲಿಗೇ ನೇರ ಹೋಗಿ. ನಾಟಿ ಔಷಧದ ಊರಿಗೆ ಸುತ್ತು ಹಾಕಿದರೆ ವೇಳೆ ಅಲ್ಲೇ ಮುಗಿಯುತ್ತದೆ.

ಇನ್ನು ನಿಮ್ಮ ಮಾವನವರ ಕೈ. ಸುಧಾರಣೆ ಹೆಚ್ಚು ಕಾಣುವುದು ಮೊದಲ ಮೂರು ತಿಂಗಳಲ್ಲಿ, ಆಮೇಲೂ ನಿಧಾನವಾಗಿ ನಡೆಯುತ್ತದೆ. ಗದಗದ ಜಿಲ್ಲಾ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಬಗ್ಗೆ ಈ ವಾರವೇ ವಿಚಾರಿಸಿ. ಕಲಿಸಿದ ವ್ಯಾಯಾಮವನ್ನು ಮನೆಯಲ್ಲಿ ದಿನವೂ ಮಾಡಿಸಿ. ಬಿಪಿ ಮಾತ್ರೆಯನ್ನು, ಚೆನ್ನಾಗಿದ್ದಾರೆ ಎಂದು ಸುಮ್ನೆ ನಿಲ್ಲಿಸಬೇಡಿ.