ಓದುಗರ ಪ್ರಶ್ನೆ, ವರ್ಕ್‌ಶಾಪ್ ಉತ್ತರ: ಹಳೆಯ ವಿ8ಗೆ ಫ್ಯೂಯಲ್ ಇಂಜೆಕ್ಷನ್

ಪ್ರಶ್ನೆ: ನನ್ನದು 1969ರ ಕ್ಯಾಮರೋ, 350 ಘನ ಇಂಚಿನ ವಿ8 ಎಂಜಿನ್, ನಾಲ್ಕು ತೂತಿನ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ). ಬೇಸಿಗೆಯಲ್ಲಿ ಓಡಿಸಿ ನಿಲ್ಲಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಕಾರ್ಬ್ಯುರೇಟರ್ ಜಾಗದಲ್ಲೇ ಕೂರುವ ಥ್ರಾಟಲ್ ಬಾಡಿ ಇಂಜೆಕ್ಷನ್ ಕಿಟ್ (ಕಂಪ್ಯೂಟರ್ ಅಳತೆಯಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಹಾಕಬೇಕೆಂದಿದ್ದೇನೆ. ಒಂದು ವಾರಾಂತ್ಯದಲ್ಲಿ ಮುಗಿಯುತ್ತದಂತೆ, ನಿಜವೇ? ಹಳೆಯ ಪಂಪ್ ಸಾಕೇ?
– ಓದುಗರು, ಫೀನಿಕ್ಸ್, ಅರಿಜೋನಾ

ಉತ್ತರ: ಎಂಜಿನ್ ಶಾಖಕ್ಕೆ ಕಾರ್ಬ್ಯುರೇಟರ್ ಬಟ್ಟಲಿನ ಪೆಟ್ರೋಲ್ ಕುದಿಯುತ್ತದೆ, ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಇನ್ನೂ ಬೇಗ. ನಿಮ್ಮ ತೊಂದರೆಗೆ ಇದೇ ಕಾರಣವಾಗಿದ್ದರೆ ಇಂಜೆಕ್ಷನ್ ಒಳ್ಳೆಯ ಮದ್ದು.

ಥ್ರಾಟಲ್ ಬಾಡಿ ಕೂರಿಸುವುದು ನಾಲ್ಕು ಬೋಲ್ಟ್‌ನ ಕೆಲಸ. ಆದರೆ ಕ್ವಾಡ್ರಾಜೆಟ್‌ಗೆಂದು ಮಾಡಿದ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಹಿಂದಿನ ಎರಡು ತೂತು ದೊಡ್ಡವು, ಮುಂದಿನವು ಚಿಕ್ಕವು. ಕಿಟ್‌ಗಳು ಸಾಮಾನ್ಯವಾಗಿ ನಾಲ್ಕೂ ಸಮ ಇರುವ ಹೋಲಿ ಕಂಪನಿಯ ವಿನ್ಯಾಸದವು. ನಡುವೆ ಅಡಾಪ್ಟರ್ ಪ್ಲೇಟ್ ಬೇಕು; ಅದರಿಂದ ಎತ್ತರ ಹೆಚ್ಚುವುದರಿಂದ ಏರ್ ಫಿಲ್ಟರ್ ಬಾನೆಟ್‌ಗೆ ತಾಗುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳಿ.

ನಿಜವಾದ ಕೆಲಸ ಇರುವುದು ಕಾರಿನ ಹಿಂಭಾಗದಲ್ಲಿ. ಎಂಜಿನ್ನಿನ ಹಳೆಯ ಪಂಪ್ ಕೊಡುವುದು 5ರಿಂದ 7 ಪಿಎಸ್‌ಐ ಒತ್ತಡ, ಈ ಕಿಟ್‌ಗಳಿಗೆ ಬೇಕಿರುವುದು 60ರ ಆಸುಪಾಸು. ಹಾಗಾಗಿ ಅದನ್ನು ಬಿಚ್ಚಿ, ಒಳಗಿನ ತಳ್ಳುಕಡ್ಡಿಯನ್ನೂ ಹೊರತೆಗೆದು, ತೂತಿಗೆ ಗಾಸ್ಕೆಟ್ ಇಟ್ಟು ಮುಚ್ಚುಪ್ಲೇಟ್ ಬಿಗಿಯಿರಿ.

ಹೊಸ ಎಲೆಕ್ಟ್ರಿಕ್ ಪಂಪನ್ನು ಹೊರಗೆ ಛಾಸಿಗೆ ಕಟ್ಟುವುದು ಅಗ್ಗ. ಆದರೆ ಇಂಥ ಪಂಪ್ ಚೆನ್ನಾಗಿ ತಳ್ಳುತ್ತದೆ, ಎಳೆಯುವುದರಲ್ಲಿ ಸೋಲುತ್ತದೆ. ಟ್ಯಾಂಕಿಗೆ ಹತ್ತಿರ, ಅದರ ಮಟ್ಟಕ್ಕಿಂತ ಕೆಳಗೆ ಇರದಿದ್ದರೆ ಬಿಸಿಯಾಗಿ ಕೂಗುತ್ತದೆ, ಬೇಗ ಸಾಯುತ್ತದೆ. ಇನ್ನೊಂದು ತೊಡಕು: ಹಳೆಯ ಟ್ಯಾಂಕಿನೊಳಗೆ ಸರಿಯಾದ ಅಡ್ಡತಡೆಗಳಿಲ್ಲ. ಕಾಲು ಟ್ಯಾಂಕ್ ಇದ್ದಾಗ ತಿರುವಿನಲ್ಲಿ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಕುಡಿಯುತ್ತದೆ, ಎಂಜಿನ್ ಮಿಸ್ ಹೊಡೆಯುತ್ತದೆ. ಕಾರ್ಬ್ಯುರೇಟರ್ ಇದ್ದಾಗ ಬಟ್ಟಲಿನ ಪೆಟ್ರೋಲ್ ಆ ಒಂದೆರಡು ಸೆಕೆಂಡು ನಿಭಾಯಿಸುತ್ತಿತ್ತು. ಇಂಜೆಕ್ಷನ್‌ಗೆ ಆ ದಾಸ್ತಾನು ಇಲ್ಲ. ಒಳಗೇ ಗಂಟೆಗೆ 255 ಲೀಟರ್ ಪಂಪ್ ಇರುವ ಅಡ್ಡತಡೆಯ ಟ್ಯಾಂಕ್ ನಿಮ್ಮ ಮಾಡೆಲ್‌ಗೆ ಸಿದ್ಧವಾಗಿ ಸಿಗುತ್ತದೆ. ದುಡ್ಡು ಅಲ್ಲಿ ಹಾಕಿ.

ಫಿಲ್ಟರ್ ಎರಡು: ಪಂಪ್‌ಗೆ ಮೊದಲು 100 ಮೈಕ್ರಾನ್, ನಂತರ 10 ಮೈಕ್ರಾನ್. ಅದಲು ಬದಲಾದರೆ ಪಂಪ್‌ಗೆ ಉಸಿರು ಕಟ್ಟುತ್ತದೆ. ರಬ್ಬರ್ ಪೈಪ್ ಮೇಲೆ 30ಆರ್9 (ಇಂಜೆಕ್ಷನ್ ಒತ್ತಡ ತಡೆಯುವ ದರ್ಜೆ) ಎಂದು ಬರೆದಿರಲಿ. 30ಆರ್7 ಕಾರ್ಬ್ಯುರೇಟರ್ ಒತ್ತಡದ ಪೈಪ್. ಟ್ಯಾಂಕಿನೊಳಗೆ ಮುಳುಗಿರುವ ತುಂಡು 30ಆರ್10 ಆಗಿರಬೇಕು, ಬೇರೆಯದು ಹೊರಮೈಯಿಂದ ಕೊಳೆಯುತ್ತದೆ. ಹೆಚ್ಚಾದ ಪೆಟ್ರೋಲ್ ಹಿಂದಿರುಗುವ ವಾಪಸಾತಿ ಪೈಪನ್ನು ಟ್ಯಾಂಕ್‌ವರೆಗೂ ಎಳೆಯಿರಿ. ಟ್ಯಾಂಕಿಗೆ ಗಾಳಿಕಿಂಡಿ ಇದೆಯೇ ನೋಡಿ.

ಪಂಪ್‌ಗೆ ಕರೆಂಟ್ ಕೊಡುವ ರಿಲೇ, ಕಿಟ್‌ನ ಕಂಪ್ಯೂಟರ್ ಆದ ಇಸಿಯು ಹಿಡಿತದಲ್ಲೇ ಇರಲಿ. ಕೀ ಸ್ವಿಚ್‌ನಿಂದ ನೇರ ಕರೆಂಟ್ ಕೊಟ್ಟರೆ, ಅಪಘಾತದಲ್ಲಿ ಎಂಜಿನ್ ನಿಂತರೂ ಪೆಟ್ರೋಲ್ ಚಿಮ್ಮುತ್ತಲೇ ಇರುತ್ತದೆ.

ಇಷ್ಟೆಲ್ಲ ಒಂದು ವಾರಾಂತ್ಯದಲ್ಲಿ? ಹಾಗೆ ಹೇಳಿದವರ ಕಾರಿಗೆ ಟ್ಯಾಂಕ್ ಮೊದಲೇ ಬದಲಾಗಿತ್ತೇನೋ.

ಪ್ರಶ್ನೆ: 1968ರ ಮಸ್ಟಾಂಗ್, 302 ಘನ ಇಂಚಿನ ಎಂಜಿನ್. ಇಂಜೆಕ್ಷನ್ ಕಿಟ್ ಹಾಕಿದೆ. ಸೆಲ್ಫ್ ಹೊಡೆದಾಗ ಕಿಟ್‌ನ ಸ್ಕ್ರೀನ್ ಆರಿ ಮತ್ತೆ ಹೊತ್ತುತ್ತದೆ. ಸ್ಟಾರ್ಟ್ ಆದರೂ ಆರ್‌ಪಿಎಂ ಅಂಕಿ ಕುಣಿಯುತ್ತದೆ. ಸಿಡಿಐ ಬಾಕ್ಸ್ (ಕಿಡಿಗೆ ಹೆಚ್ಚು ವೋಲ್ಟೇಜ್ ಕೊಡುವ ಇಗ್ನಿಷನ್ ಪೆಟ್ಟಿಗೆ) ಇದೆ. ಬ್ಯಾಟರಿ ಹೊಸದು.
– ಓದುಗರು, ಡಲ್ಲಾಸ್

ಉತ್ತರ: ಇವು ಬೇರೆ ಬೇರೆ ಎರಡು ರೋಗ. ಕೀ ಆನ್ ಆದಾಗ ಇಸಿಯು ಎಬ್ಬಿಸುವ ವೈರನ್ನು ನೀವು ರೇಡಿಯೋ ಸಾಲಿನಿಂದ ತೆಗೆದಿರಬಹುದು. ಸೆಲ್ಫ್ ಹೊಡೆಯುವಾಗ ಆ ಸಾಲು ಸತ್ತಿರುತ್ತದೆ. ಇಲ್ಲವೇ ಇಗ್ನಿಷನ್ ಕಾಯಿಲ್‌ಗೆ ಹೋಗುವ ಫೋರ್ಡ್‌ನ ಗುಲಾಬಿ ಬಣ್ಣದ ರೆಸಿಸ್ಟರ್ ವೈರ್‌ಗೆ ಕಟ್ಟಿದ್ದೀರಿ, ಅದು ವೋಲ್ಟೇಜ್ ಇಳಿಸುತ್ತದೆ. ಮಲ್ಟಿಮೀಟರ್‌ನ ಒಂದು ಕಡ್ಡಿ ಆ ವೈರ್‌ಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಹಿಡಿದು ಒಬ್ಬರಿಂದ ಸೆಲ್ಫ್ ಹೊಡೆಸಿ. 10 ವೋಲ್ಟ್‌ಗಿಂತ ಕೆಳಗಿಳಿದರೆ ಬೇರೆ ಜಾಗದಿಂದ ತೆಗೆಯಿರಿ. ಮುಖ್ಯ ಕೆಂಪು, ಕಪ್ಪು ವೈರ್‌ಗಳು ನೇರವಾಗಿ ಬ್ಯಾಟರಿಗೇ ಹೋಗಲಿ. ಬಾಡಿ ಅರ್ಥ್ ನಂಬಬೇಡಿ.

ಇನ್ನು ಕುಣಿತ. ಸಿಡಿಐ ಇದ್ದಾಗ ಆರ್‌ಪಿಎಂ ಸಿಗ್ನಲ್ ಬಾಕ್ಸ್‌ನ ಟ್ಯಾಕೋ ಟರ್ಮಿನಲ್‌ನಿಂದಲೇ ಬರಬೇಕು. ಕಾಯಿಲ್ ಮೈನಸ್‌ಗೆ ಕಟ್ಟಿದ್ದರೆ ಈಗಲೇ ಬಿಚ್ಚಿ: ಅಲ್ಲಿನ ನೂರಾರು ವೋಲ್ಟ್‌ಗೆ ಇಸಿಯು ಸುಟ್ಟೇ ಹೋಗುತ್ತದೆ. ಕಿಡಿಯ ವಿದ್ಯುತ್ ಗದ್ದಲ ಸಿಗ್ನಲ್‌ಗೆ ಸೇರದಂತೆ, ಪ್ಲಗ್ ವೈರ್‌ಗಳು ಗಟ್ಟಿ ತಂತಿಯವಾದರೆ ಸುರುಳಿ ತಂತಿಯವಕ್ಕೆ ಬದಲಿಸಿ, ಇಸಿಯು ವೈರಿಂಗನ್ನು ಡಿಸ್ಟ್ರಿಬ್ಯೂಟರ್‌ನಿಂದ ದೂರ ಎಳೆಯಿರಿ.

ಪ್ರಶ್ನೆ: 1971ರ ಚಾಲೆಂಜರ್‌ಗೆ ಇಂಜೆಕ್ಷನ್ ಹಾಕಿದರೆ ಪವರ್ ಎಷ್ಟು ಹೆಚ್ಚುತ್ತದೆ? ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಕಾಟ ಇದೆಯೇ?
– ಓದುಗರು, ಸ್ಯಾನ್ ಹೋಸೆ

ಉತ್ತರ: ಸರಿಯಾಗಿ ಟ್ಯೂನ್ ಆದ ಕಾರ್ಬ್ಯುರೇಟರ್‌ಗಿಂತ ಗರಿಷ್ಠ ಪವರ್‌ನಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ಲಾಭವಿರುವುದು ಬೆಳಗಿನ ಚಳಿ ಸ್ಟಾರ್ಟ್‌ನಲ್ಲಿ, ಬೆಟ್ಟ ಹತ್ತುವಾಗ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಸ್ಮಾಗ್ ತಪಾಸಣೆ ಇಲ್ಲ.

ಪ್ರಶ್ನೆ: ಇಂಜೆಕ್ಷನ್ ಕಿಟ್‌ನ ಸ್ಕ್ರೀನ್‌ನಲ್ಲಿ ಗಾಳಿ–ಪೆಟ್ರೋಲ್ ಅನುಪಾತ 14 ಎಂದೇ, ಅಂದರೆ ಸರಿಯಾಗಿಯೇ, ತೋರಿಸುತ್ತದೆ. ಆದರೂ ಪ್ಲಗ್ ಕಪ್ಪಾಗಿದೆ, ಗ್ಯಾರೇಜ್ ತುಂಬ ಪೆಟ್ರೋಲ್ ವಾಸನೆ.
– ಓದುಗರು, ಮಿಷಿಗನ್

ಉತ್ತರ: ಎಕ್ಸಾಸ್ಟ್‌ನ ಸೆನ್ಸರ್ ಅಳೆಯುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಸೆನ್ಸರ್‌ಗಿಂತ ಮುಂಚೆ ಹೆಡರ್ (ಎಂಜಿನ್ನಿಗೆ ಅಂಟಿದ ಎಕ್ಸಾಸ್ಟ್ ಪೈಪುಗಳು) ಗಾಸ್ಕೆಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲ್ ಸಾಲದೆಂದು ಇಸಿಯು ಮತ್ತಷ್ಟು ಸುರಿಯುತ್ತದೆ. ಒಂದು ಪ್ಲಗ್ ಮಿಸ್ ಆದರೂ ಇದೇ ಕಥೆ. ಜೋರಾದ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಇದ್ದರೆ ಐಡ್ಲಿಂಗ್‌ನಲ್ಲಿ ಇದೇ ಮೋಸ.

ಎಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರ್‌ನ ಊದುವ ತುದಿಯನ್ನು ಸೈಲೆನ್ಸರ್ ಬಾಯಿಗಿಟ್ಟು, ಜೋಡಣೆಗಳ ಮೇಲೆ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಸೆನ್ಸರ್ ಕೂಡ ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲೆ ವಾಲಿರಬೇಕು. ಇಲ್ಲವಾದರೆ ಪೈಪಿನ ನೀರ ಹನಿ ಬಿದ್ದು ಒಳಗಿನ ಸೆರಾಮಿಕ್ ಸೀಳುತ್ತದೆ.

ಎಂಜಿನ್ ಥರ್ಮೋಸ್ಟಾಟ್ ಎಷ್ಟು ಡಿಗ್ರಿಯದು ನೋಡಿ. ಹಲವು ಕಿಟ್‌ಗಳು 160 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲಷ್ಟೇ ಕಲಿಯುತ್ತವೆ, ಅಂದರೆ ಎಂಜಿನ್ನಿಗೆ ತಕ್ಕಂತೆ ಪೆಟ್ರೋಲ್ ಲೆಕ್ಕ ತಿದ್ದಿಕೊಳ್ಳುತ್ತವೆ. 160ರದ್ದಾದರೆ ಗಡಿಯಲ್ಲೇ ತೂಗಾಡುತ್ತದೆ, 180ರದ್ದು ಹಾಕಿ. ಸೋರಿಕೆ ಮುಚ್ಚಿದ ಮೇಲೆ ಹಳೆಯ ಕಲಿಕೆಯನ್ನು ಅಳಿಸಿ, ಎಂಜಿನ್ ಬಿಸಿಯಾದಾಗ ಐಎಸಿ (ಐಡ್ಲಿಂಗ್ ಗಾಳಿ ಬಿಡುವ ವಾಲ್ವ್) 2ರಿಂದ 10 ಶೇಕಡಾ ನಡುವೆ ನಿಲ್ಲುವಂತೆ ಥ್ರಾಟಲ್ ಸ್ಕ್ರೂ ತಿರುಗಿಸಿ, ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಸೆನ್ಸರ್) ಸೊನ್ನೆಗೆ ತಂದು, ಮೊದಲಿನಿಂದ ಕಲಿಸಿ.