ಕಾರವಾರದ ಮಳೆಗಾಲದಲ್ಲಿ ಮಾತನಾಡುವ ಗೊಂಬೆಯನ್ನು ಕಾಪಾಡುವುದು ಹೇಗೆ?

ಕಾರವಾರದಂಥ ಕಡಲತಡಿಯ ಊರಿನಲ್ಲಿ ಧ್ವನಿಮಾಯೆಯ (ಕಲಾವಿದ ತುಟಿ ಅಲುಗಿಸದೆ ಮಾತನಾಡಿ, ಗೊಂಬೆಯೇ ಮಾತನಾಡಿದಂತೆ ತೋರಿಸುವ ಕಲೆ) ಗೊಂಬೆಗೆ ಧೂಳಿಗಿಂತ ದೊಡ್ಡ ಶತ್ರುಗಳೆಂದರೆ ಉಪ್ಪುಗಾಳಿ ಮತ್ತು ತೇವ. ತಲೆಯೊಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿದರೆ ದವಡೆ ಕಿರುಗುಟ್ಟುತ್ತದೆ, ಇಲ್ಲವೇ ಅದನ್ನು ಆಡಿಸುವ ದಾರವನ್ನು ಎಳೆದು ಬಿಟ್ಟಾಗ ಪೂರ್ತಿ ಮುಚ್ಚುವುದಿಲ್ಲ. ಆಗ ಹತ್ತಿಕಡ್ಡಿಯ ತುದಿಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೇ ಹನಿಯಷ್ಟು ತೆಗೆದುಕೊಂಡು ಲೋಹದ ಕೀಲಿಗೆ ಮಾತ್ರ ಮುಟ್ಟಿಸಬೇಕು. ಕೊಬ್ಬರಿ ಎಣ್ಣೆ ಬೇಡ, ಅದು ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ. ದವಡೆಯ ದಾರಕ್ಕಂತೂ ಯಾವ ಎಣ್ಣೆಯೂ ಸೋಕಬಾರದು. ಉಜ್ಜುವ ಜಾಗದಲ್ಲಿ ದಾರದ ಎಳೆ ಬಿಟ್ಟಿದ್ದರೆ, ಪ್ರದರ್ಶನದ ನಡುವೆ ತುಂಡಾಗುವ ಮೊದಲೇ ಬದಲಿಸಿ.

ಮುಖಕ್ಕೆ ಮೆತ್ತನೆಯ ಒಣ ಬ್ರಷ್ ಸಾಕು. ತಲೆಯನ್ನು ಕಾಗದದ ತಿರುಳಿನಿಂದ ಮಾಡಿದ್ದರೆ ಒದ್ದೆ ಬಟ್ಟೆಯನ್ನು ತಾಗಿಸಲೇಬೇಡಿ. ಬಣ್ಣ ಬಿರಿದ ಕಡೆ ನೀರು ಒಳಸೇರಿ ತಿರುಳು ಉಬ್ಬುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಒಳಗಿನ ತೇವ ಹೊರಹೋಗಲಾರದೆ ಉಡುಪಿಗೂ ಕೂದಲಿಗೂ ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಪೆಟ್ಟಿಗೆಯಲ್ಲಿಡಿ. 15 ದಿನಕ್ಕೊಮ್ಮೆ ಹೊರತೆಗೆದು, ಬಣ್ಣ ಬಿರಿಸುವ ನೇರ ಬಿಸಿಲಿಗೆ ಒಡ್ಡದೆ, ಫ್ಯಾನಿನ ಗಾಳಿಗೆ ಕೂರಿಸಿ ದವಡೆಯನ್ನು ಹತ್ತಾರು ಸಲ ಆಡಿಸಿ.