72 ಕಲರ್ ಪೆನ್ಸಿಲ್ ಸಾಲದೆ 120ರ ಸೆಟ್ ತಗೊಳ್ಳೋಕೆ ಹೊರಟವರಿಗೆ

ಗುಂಪಲ್ಲಿ ತಾವು ಬರೆದ ಆನೆಗುಂದಿ ಬಂಡೆಗಳ ಚಿತ್ರ ಹಾಕಿ, "72ರ ಕಲರ್ ಪೆನ್ಸಿಲ್ ಸೆಟ್‌ನಲ್ಲಿ ಬಣ್ಣ ಕೂರ್ತಾನೇ ಇಲ್ಲ, ಕೈಯಲ್ಲಿ 1,500 ಇದೆ, ಅದೇ ಕಂಪನಿದು 120ರ ಸೆಟ್ ತಗೊಳ್ಲಾ?" ಅಂತ ಕೇಳಿದ ಗಂಗಾವತಿಯವರಿಗೆ: ಬೇಡ್ರಿ. ಇದೇ ತಪ್ಪು ನಾನೂ ಮಾಡಿದವನೇ, ಅದಕ್ಕೇ ಇಷ್ಟುದ್ದ ಬರೀತಿರೋದು. ಮೇಲಿನ ಕಾಮೆಂಟ್‌ಗಳಲ್ಲಿ ಮೂರು ಜನ "ತಗೊಳ್ರಿ, ವರ್ತ್" ಅಂದಿದಾರೆ. ಅವರ್ಯಾರೂ ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದಂಗಿಲ್ಲ.

ನೋಡಿದ್ರೆ ರೋಗ ಅಲ್ಲೇ ಕಾಣುತ್ತೆ. ಬಂಡೆಯ ನೆರಳಿನ ಭಾಗ ಮೇಣ ಮೆತ್ತಿದಂಗೆ ಹೊಳೀತಿದೆ, ಆದ್ರೂ ಅದರ ನಡುವೆ ಬಿಳಿ ಚುಕ್ಕೆ ಹಂಗೇ ಉಳಿದಾವೆ. ಅಂದ್ರೆ ಸೀಸದಲ್ಲಿ ಮೇಣ ಜಾಸ್ತಿ, ಬಣ್ಣದ ಪುಡಿ ಕಡಿಮೆ. ನೀವು ಮೊದಲನೇ ಪದರದಲ್ಲೇ ಒತ್ತಿದೀರಿ. ಪೇಪರ್ ಪ್ರಿಂಟರ್‌ಗೆ ಹಾಕೋ 75 ಜಿಎಸ್‌ಎಂ (ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ಅನ್ನೋ ಲೆಕ್ಕ). ಆ ಪೇಪರ್‌ಗೆ ಇರೋ ಅಲ್ಪಸ್ವಲ್ಪ ತರಿಯೂ ಎರಡನೇ ಪದರಕ್ಕೆ ಮಟ್ಟಸ ಆಗಿಬಿಡುತ್ತೆ. ಮೂರನೇದು ಹಿಡ್ಕೊಳ್ಳೋಕೆ ಜಾಗವೇ ಇಲ್ಲ, ಜಾರುತ್ತೆ. 120 ತಂದ್ರೂ ಜಾರೋದೇ.

ಇನ್ನೊಂದು ಮಾತು. ಇರೋ 72ನ್ನೂ ಒಂದು ಹಾಳೆ ಮೇಲೆ ಸಣ್ಣ ಸಣ್ಣ ಚೌಕ ಮಾಡಿ ತುಂಬಿ ನೋಡ್ರಿ. ಕಡ್ಡಿಯ ಹೊರಗಿನ ಪೇಂಟ್ ಬೇರೆ ಬೇರೆ, ಪೇಪರ್ ಮೇಲೆ ಐದಾರು ಹಸಿರು ಒಂದೇ ಥರ ಬಿದ್ದಿರ್ತಾವೆ. ಅಗ್ಗದ ದೊಡ್ಡ ಸೆಟ್‌ಗಳು ಹುಟ್ಟೋದೇ ಹಂಗೆ. ಅವೇ ನಾಕು ಬಣ್ಣ, ಒಂದೊಂದರಲ್ಲಿ ಬಿಳಿ ಪುಡಿ ಹೆಚ್ಚು ಕಡಿಮೆ.

ನಿಮ್ಮ 1,500ಕ್ಕೆ ನನ್ನ ಲೆಕ್ಕ ಹಿಂಗಿದೆ. ಸುಮಾರು 400 ಪೇಪರ್‌ಗೆ: 180ರಿಂದ 220 ಜಿಎಸ್‌ಎಂ ಕಾರ್ಟ್ರಿಡ್ಜ್ ಅನ್ನೋ ಡ್ರಾಯಿಂಗ್ ಪೇಪರ್ ಸಾಕು, ಕೈಯಾಡಿಸಿದ್ರೆ ಸಣ್ಣ ರವೆ ಮುಟ್ಟಿದಂಗಿರಬೇಕು. ಫೋಟೋ ಪೇಪರ್ ಥರ ನುಣುಪು ಇರೋದು ಬೇಡ, ನೀರುಬಣ್ಣದ ದಪ್ಪ ತರಿಯ ಕೋಲ್ಡ್ ಪ್ರೆಸ್ಸೂ ಬೇಡ. ಅದರ ಗುಳಿ ತುಂಬೋಷ್ಟರಲ್ಲಿ ಅರ್ಧ ಪೆನ್ಸಿಲ್ ಖಾಲಿ. 150ರ ಆಸುಪಾಸು ಒಂದು ಲೋಹದ ಶಾರ್ಪ್‌ನರ್‌ಗೆ. ಉಳಿದಿದ್ದರಲ್ಲಿ ಸೆಟ್ ತಗೋಬೇಡ್ರಿ, ಬಿಡಿ ಪೆನ್ಸಿಲ್ ತಗೊಳ್ರಿ. ಫೇಬರ್ ಕ್ಯಾಸಲ್ ಕಂಪನಿಯ ಪಾಲಿಕ್ರೋಮಸ್ ಅನ್ನೋ ಕಲಾವಿದರ ಪೆನ್ಸಿಲ್ ಬಿಡಿಯಾಗಿ ಸಿಗುತ್ತೆ. ನೀವು ಬಂಡೆ ಬರೆಯೋರು, ನಿಮಗೆ ಐದು ಬೇಕು, ಕಡ್ಡಿ ಮೇಲಿನ ನಂಬರ್ ಸಮೇತ ಹೇಳ್ತೀನಿ: 183 ಲೈಟ್ ಯೆಲ್ಲೋ ಆಕರ್, 283 ಬರ್ನ್ಟ್ ಸಿಯೆನಾ, 175 ಡಾರ್ಕ್ ಸೆಪಿಯಾ, 157 ಡಾರ್ಕ್ ಇಂಡಿಗೋ, 101 ಬಿಳಿ. ದುಡ್ಡು ಸಾಲದಿದ್ರೆ ಸದ್ಯಕ್ಕೆ ಬಿಳಿ ಬಿಡ್ರಿ. ಗಿಡ, ಆಕಾಶ, ಸೀರೆ ಎಲ್ಲಾ ಹಳೇ 72ರಲ್ಲೇ ನಡೀಲಿ. ತಿಂಗಳಿಗೆ ಒಂದೋ ಎರಡೋ ಸೇರಿಸ್ಕೊಂಡು ಹೋದ್ರೆ ವರ್ಷದಲ್ಲಿ ನಿಮಗೆ ಬೇಕಾದ ಇಪ್ಪತ್ತೇ ಇರ್ತಾವೆ, ಬೇಡದ ನೂರು ಇರಲ್ಲ.

ಇಲ್ಲ, ಹೂವು, ಹಣ್ಣು, ಮುಖ ಎಲ್ಲಾ ಬರೀಬೇಕು, ಸೆಟ್ಟೇ ಬೇಕು ಅಂದ್ರೆ 24ರದು ಸಾಕು. 24ರೊಳಗೆ ಏನಿರಬೇಕು ಅನ್ನೋದು ಮುಖ್ಯ: ನಿಂಬೆ ಹಳದಿ ಒಂದು, ಅರಿಶಿಣದ ಹಳದಿ ಒಂದು; ಕಿತ್ತಳೆ ಕಡೆ ವಾಲೋ ಕೆಂಪು ಒಂದು, ಮೆಜೆಂಟಾ (ನೇರಳೆ ಕಡೆ ವಾಲೋ ಗುಲಾಬಿ) ಒಂದು; ಅಲ್ಟ್ರಾಮರೀನ್ (ನೇರಳೆ ಕಡೆ ವಾಲೋ ನೀಲಿ) ಒಂದು, ಥ್ಯಾಲೋ ನೀಲಿ (ಹಸಿರು ಕಡೆ ವಾಲೋದು) ಒಂದು; ಕಾವಿ ಮಣ್ಣಿನ ಬಣ್ಣ ಎರಡು. ಮೆಜೆಂಟಾ ಇಲ್ಲದ ಸೆಟ್‌ನಲ್ಲಿ ನೇರಳೆ ಬೆರೆಸೋಕೆ ಹೋದ್ರೆ ಕೆಸರು ಆಗುತ್ತೆ. ಬಂಗಾರ, ಬೆಳ್ಳಿ, ಫ್ಲೋರೆಸೆಂಟ್ ಹಾಕಿ ಸಂಖ್ಯೆ ಏರಿಸಿದ ಡಬ್ಬಿ ಮುಟ್ಟಲೇಬೇಡ್ರಿ.

ಡಬ್ಬಿ ಮೇಲೆ ಸಣ್ಣ ಕುಂಚದ ಗುರುತು ಇದ್ರೆ ಅದು ವಾಟರ್‌ಕಲರ್ ಪೆನ್ಸಿಲ್. ನೀರು ಹಾಕೋರಿಗೆ ಸರಿ. ಒಣಗಿದಂಗೇ ಉಜ್ಜಿದ್ರೆ ಸೀಮೆಸುಣ್ಣದಂಗೆ ಪುಡಿ ಪುಡಿ ಬೀಳುತ್ತೆ, ಪದರ ಅಷ್ಟು ಚೆನ್ನಾಗಿ ಕಟ್ಟಲ್ಲ. ಆಫರ್ ಇದೆ ಅಂತ ಅದನ್ನ ತಂದು ಬಯ್ಯೋರು ಈ ಗುಂಪಲ್ಲೇ ಇದಾರೆ.

ಬಳ್ಳಾರಿ ಬೆಂಗಳೂರು ರೋಡ್ ಆಗ್ಲಿ, ರಾಯಚೂರು ತೀನ್ ಕಂದೀಲ್ ಆಗ್ಲಿ, ಅಂಗಡಿಗೆ ಹೋದ್ರೆ ಪೆನ್ಸಿಲ್‌ನ ಹಿಂಬದಿ ನೋಡ್ರಿ. ಸೀಸ ಮರದ ನಟ್ಟನಡುವೆ ಇರಬೇಕು. ಒಂದು ಪಕ್ಕ ಸರಿದಿದ್ರೆ ಚೂಪು ಮಾಡುವಾಗ ಒಂದು ಕಡೆ ಮರ ಸೀಸದ ತುದಿವರೆಗೂ ಬರುತ್ತೆ, ಇನ್ನೊಂದು ಕಡೆ ಬ್ಲೇಡ್ ಸೀಸವನ್ನೇ ಕಡಿಯುತ್ತೆ. ದುಂಡಗಿನ ಪೆನ್ಸಿಲ್ ಆದ್ರೆ ಗಾಜಿನ ಕೌಂಟರ್ ಮೇಲೆ ಉರುಳಿಸ್ರಿ. ಕುಂಟುತ್ತಾ ಉರುಳಿದ್ರೆ ಮರ ಸೊಟ್ಟ. ಪ್ರಿಸ್ಮಾಕಲರ್ ಪ್ರೀಮಿಯರ್ ತಗೊಳ್ಳೋರು ಇದನ್ನ ಬಿಡಲೇಬಾರದು. ಮೆತ್ತಗೆ, ಬಣ್ಣ ಬೆಣ್ಣೆಯಂಗೆ ಬೀಳುತ್ತೆ ನಿಜ. ಆದ್ರೆ ಸೀಸ ಪಕ್ಕಕ್ಕೆ ಸರಿದಿರೋದು, ಪದೇ ಪದೇ ಮುರಿಯೋದು ಅದರ ಬಗ್ಗೆ ಎಲ್ಲಾ ಕಡೆ ಕೇಳಿಬರೋ ದೂರು. ಡೋಮ್ಸ್, ಕ್ಯಾಮ್ಲಿನ್, ಫೇಬರ್ ಕ್ಯಾಸಲ್‌ನದೇ ಶಾಲೆ ಮಕ್ಕಳ ಡಬ್ಬಿ ಇವೆಲ್ಲಾ ಮಕ್ಕಳಿಗೆ, ಅಭ್ಯಾಸಕ್ಕೆ ಒಳ್ಳೇವೇ. ಗೋಡೆಗೆ ಹಾಕೋ ಚಿತ್ರಕ್ಕೆ ಅಲ್ಲ. ಯಾಕೆ ಅಂತ ಹೇಳ್ತೀನಿ.

ಬಿಸಿಲು. ಅದಕ್ಕೆ ಅಗ್ಗದ ಬಣ್ಣ ಹಾರಿ ಮಸುಕಾಗುತ್ತೆ. ಕೊಪ್ಪಳ, ಬಳ್ಳಾರಿ, ರಾಯಚೂರು, ನಮ್ಮ ಮೂರೂ ಜಿಲ್ಲೆಯಲ್ಲಿ ಬೇರೇನು ಸಿಗದಿದ್ರೂ ಬಿಸಿಲೊಂದು ಪುಕ್ಕಟೆ ಸಿಗುತ್ತೆ, ಅದನ್ನೇ ಪರೀಕ್ಷೆಗೆ ಬಳಸ್ರಿ. ಒಳ್ಳೆ ಪೇಪರ್‌ನಿಂದ ಮೂರು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸ್ರಿ. ಪ್ರತಿ ಪೆನ್ಸಿಲ್‌ನಿಂದ ಪಟ್ಟಿಯ ಪೂರ್ತಿ ಅಗಲಕ್ಕೆ, ಒಂದೂವರೆ ಸೆಂಟಿಮೀಟರ್ ಎತ್ತರಕ್ಕೆ ಗಟ್ಟಿಯಾಗಿ ತುಂಬ್ರಿ, ಅದರ ಕೆಳಗೆ ಎರಡೂ ಅಂಚಲ್ಲಿ ಪೆನ್ಸಿಲ್ ನಂಬರ್ ಬರೀರಿ. ಬರೆಯೋದು ಸೀಸದ ಪೆನ್ಸಿಲ್‌ನಲ್ಲಿ. ಬಾಲ್‌ಪೆನ್ ಇಂಕ್ ಬಣ್ಣಕ್ಕಿಂತ ಮೊದಲೇ ಹಾರಿಹೋಗಿ ಯಾವುದು ಯಾವುದು ಅಂತ ಗೊತ್ತಾಗಲ್ಲ. ಆಮೇಲೆ ಪಟ್ಟಿಯನ್ನ ಉದ್ದಕ್ಕೆ ಸೀಳಿ ಎರಡು ಮಾಡ್ರಿ. ಒಂದನ್ನ ಪುಸ್ತಕದೊಳಗಿಟ್ಟು ಅಲ್ಮಾರಿಗೆ ಹಾಕ್ರಿ. ಇನ್ನೊಂದನ್ನ ಕಿಟಕಿ ಗಾಜಿಗೆ ಒಳಗಿನಿಂದ, ಬಣ್ಣ ಹೊರಗೆ ಕಾಣೋ ಹಂಗೆ ಅಂಟಿಸ್ರಿ. ಒಂದೇ ಪಟ್ಟಿಗೆ ಅರ್ಧ ಕಪ್ಪು ಪೇಪರ್ ಮುಚ್ಚೋರು ಇದಾರೆ. ಬೇಡ, ಟೇಪ್ ಬಿಸಿಲಿಗೆ ಬಿಟ್ಟುಕೊಂಡು ಪೇಪರ್ ಸರಿಯುತ್ತೆ, ಗೆರೆ ಮಸುಕಾಗುತ್ತೆ.

ಪಶ್ಚಿಮದ ಕಿಟಕಿ ಆರಿಸ್ಕೊಳ್ರಿ. ದಕ್ಷಿಣದ ಕಿಟಕಿ ಅಂತ ಎಲ್ಲಾ ವಿಡಿಯೋದಲ್ಲೂ ಹೇಳ್ತಾರೆ, ಅದು ದೂರದ ಉತ್ತರ ದೇಶದವರ ಲೆಕ್ಕ. ನಮ್ಮ ಕಡೆ ಮೇ ಶುರುವಿನಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರ್ತಾನೆ, ಆಗ ದಕ್ಷಿಣದ ಗಾಜಿಗೆ ನೇರ ಬಿಸಿಲೇ ಬೀಳಲ್ಲ. ಗಾಜಿನ ಹೊರಗೆ ಅಂಟಿಸಬೇಡ್ರಿ, ಧೂಳು ಕೂತು ಮಾಸಿದ್ದಾ, ಹಾರಿದ್ದಾ ತಿಳಿಯಲ್ಲ.

ಎರಡು ವಾರಕ್ಕೆ ಒಂದು ಸಲ, ಆಮೇಲೆ ತಿಂಗಳಿಗೊಂದು ಸಲ ಎರಡೂ ಪಟ್ಟಿ ಜೋಡಿಸಿ ನೋಡ್ರಿ, ಮೂರು ತಿಂಗಳು. ಮೊದಲು ಕೈ ಕೊಡೋದು ಗುಲಾಬಿ, ನೇರಳೆ, ಅದರ ಹಿಂದೆ ಚರ್ಮದ ಬಣ್ಣ ಅಂತ ಮಾರೋದು. ಕಾರಣ ಸುಲಭ: ಅಗ್ಗದ್ದರಲ್ಲಿ ಆ ಬಣ್ಣಗಳಿಗೆ ಬೆಳಕಿಗೆ ಒಡೆಯೋ ಡೈ ಹಾಕಿರ್ತಾರೆ. ದುಬಾರಿಯಲ್ಲೂ ಗುಲಾಬಿ, ನೇರಳೆ ಸ್ವಲ್ಪ ಅನುಮಾನವೇ. ಕಾವಿ, ಆಕರ್, ಸಿಯೆನಾ ಅಲ್ಲಾಡಲ್ಲ. ಅವು ಕಬ್ಬಿಣದ ಆಕ್ಸೈಡ್, ಸಂಡೂರಿನ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರೋದೂ ಅದೇ. ಆ ಮಣ್ಣು ಎಷ್ಟು ಬಿಸಿಲು ಕಂಡಿಲ್ಲ ಹೇಳ್ರಿ. ಅಲ್ಟ್ರಾಮರೀನ್, ಥ್ಯಾಲೋ ನೀಲಿ, ಕಪ್ಪು ಕೂಡ ಗಟ್ಟಿ. ಮುಖ ಬರೆಯೋರಿಗೆ ಇದು ಜಾಸ್ತಿ ನಾಟಬೇಕು: ಗುಲಾಬಿ ಮಾತ್ರ ಹಾರಿ ಕೆಳಗಿನ ಹಳದಿ, ಹಸಿರು ಉಳಿದ್ರೆ ಮದುಮಗಳ ಮುಖ ಕಾಮಾಲೆ ಬಂದಂಗೆ ಕಾಣುತ್ತೆ. ದುಡ್ಡು ತಗೊಂಡು ಬರೆದುಕೊಟ್ಟಿದ್ರೆ ಆ ಮನೆಗೆ ಮತ್ತೆ ಹೋಗೋದು ಕಷ್ಟ.

ಪರೀಕ್ಷೆ ಮಾಡೋಕೆ ಪುರುಸೊತ್ತಿಲ್ಲ ಅನ್ನೋರು ಪಾಲಿಕ್ರೋಮಸ್ ಕಡ್ಡಿ ಮೇಲಿನ ನಕ್ಷತ್ರ ನೋಡ್ರಿ. ಮೂರು ನಕ್ಷತ್ರ ಅತಿ ಗಟ್ಟಿ, ಒಂದು ನಕ್ಷತ್ರ ಇದ್ರೆ ಸ್ಕೆಚ್‌ಬುಕ್‌ಗೆ ಮಾತ್ರ. ಬೇರೆ ಡಬ್ಬಿಯಲ್ಲಿ ಎಎಸ್‌ಟಿಎಂ ಡಿ 6901 ಅಂತ ಇದ್ರೆ ಅದು ಬಣ್ಣ ಬೆಳಕಿಗೆ ಎಷ್ಟು ನಿಲ್ಲುತ್ತೆ ಅನ್ನೋದನ್ನ ಅಳೆಯೋಕೆ ಕಲರ್ ಪೆನ್ಸಿಲ್‌ಗೇ ಅಂತ ಇರೋ ಮಾನದಂಡ. ಬರೀ "ಆರ್ಟಿಸ್ಟ್ ಕ್ವಾಲಿಟಿ" ಅಂತ ಬರೆದಿದ್ರೆ ಅದಕ್ಕೆ ಬೆಲೆ ಇಲ್ಲ, ಯಾರು ಬೇಕಾದ್ರೂ ಅಚ್ಚು ಹಾಕಿಸಬಹುದು. ಬಿಸಿಲಿನ ಅತಿನೇರಳೆ ಕಿರಣ ತಡೆಯೋ ಯುವಿ ಸ್ಪ್ರೇ ಹೊಡೆದ್ರೆ ಹಾರೋದು ನಿಧಾನ ಆಗುತ್ತೆ, ನಿಲ್ಲಲ್ಲ.

ಈಗ ನಿಮ್ಮ ಬಂಡೆ. ಪೆನ್ಸಿಲ್ ಹಿಂದಕ್ಕೆ ಹಿಡೀರಿ, ತುದಿ ಚೂಪಿರಲಿ, ಕೈ ಭಾರ ಬಿಡಬೇಡ್ರಿ. ಬಂಡೆ ಪೂರ್ತಿ 183, ಸಣ್ಣ ಸಣ್ಣ ಸುತ್ತು ಹಾಕ್ತಾ, ಬಿಸಿಲು ನೇರ ಬೀಳೋ ನೆತ್ತಿ ಮಾತ್ರ ಪೇಪರ್ ಬಿಳಿಯೇ ಬಿಡ್ರಿ. ಅದರ ಮೇಲೆ ಬಿಸಿಲ ಕಡೆ 283 ತೆಳ್ಳಗೆ. ಆನೆಗುಂದಿ ಗ್ರಾನೈಟ್‌ಗೆ ಬೆಳಗ್ಗೆ ಬರೋ ಕೆಂಪು ಛಾಯೆ ಅಲ್ಲಿಂದ ಬರುತ್ತೆ. ನೆರಳಿಗೆ 157, ಅದರ ಮೇಲೆ 175, ಮತ್ತೆ 157. ಹಿಂಗೆ ಐದಾರು ಪದರ ಆದ ಮೇಲೆ ಮಾತ್ರ ಒತ್ತೋದು, ಅದೂ ಕೊನೇ ಸಲ, ಬಿಳಿ ಪೆನ್ಸಿಲ್‌ನಿಂದ, ಬೆಳಕಿನ ಕಡೆಗಷ್ಟೇ. ಒಂದು ಸಲ ಒತ್ತಿ ನುಣುಪು ಮಾಡಿದ ಮೇಲೆ ಅಲ್ಲಿ ಇನ್ನೇನೂ ಹಿಡಿಯಲ್ಲ. ಕಪ್ಪು ಪೆನ್ಸಿಲ್ ಬಂಡೆಯ ಬಿರುಕಿಗೂ ಬೇಡ. ಕಪ್ಪು ಹಾಕಿದ ಬಂಡೆ ಕಲ್ಲಿದ್ದಲಾಗುತ್ತೆ, ಇಂಡಿಗೋ ಸೆಪಿಯಾ ಸೇರಿದ ಕಪ್ಪಲ್ಲಿ ಉಸಿರಿರುತ್ತೆ.

ಪದರಗಳನ್ನ ಬೆರೆಸಿ ಉಜ್ಜೋಕೆ ಎಣ್ಣೆ ಬೇಕು ಅನ್ನೋರಿಗೆ: ಬೇಬಿ ಆಯಿಲ್ ಇಯರ್‌ಬಡ್‌ಗೆ ಒಂದೇ ಹನಿ, ಟಿಶ್ಯೂಗೆ ಒತ್ತಿ ತೆಗೆದು ಆಮೇಲೆ ಪೇಪರ್‌ಗೆ. 75 ಜಿಎಸ್‌ಎಂ ಮೇಲೆ ಹಾಕಿದ್ರೆ ಹಿಂದಕ್ಕೆ ಜಿಡ್ಡು ಇಳಿದು ಮಿರ್ಚಿ ಕಟ್ಟಿದ ಪೇಪರ್ ಆಗುತ್ತೆ. ಕೊಬ್ಬರಿ ಎಣ್ಣೆ ಬೇಡ. ಸೀಮೆಎಣ್ಣೆ ಅಂತ ಒಬ್ಬರು ಮೇಲೆ ಬರೆದಿದಾರೆ, ದಯವಿಟ್ಟು ಅಳಿಸ್ರಿ ಅದನ್ನ.

ಬೇಸಿಗೆಯಲ್ಲಿ ಮೇಣದ ಪೆನ್ಸಿಲ್ ತಗಡಿನ ಡಬ್ಬಿಯಲ್ಲಿ ಬೈಕ್ ಡಿಕ್ಕಿಗೆ ಹಾಕ್ಕೊಂಡು ಓಡಾಡಬೇಡ್ರಿ. ತುದಿ ಅಣಬೆ ಥರ ಚಪ್ಪಟೆ ಆಗುತ್ತೆ, ಶಾರ್ಪ್‌ನರ್ ಬ್ಲೇಡ್‌ಗೆ ಮೇಣ ಅಂಟುತ್ತೆ. ಅಂಟಿದ್ರೆ ಸಾದಾ ಸೀಸದ ಪೆನ್ಸಿಲ್ ಒಂದು ಸುತ್ತು ಕೆತ್ತಿದ್ರೆ ಶುದ್ಧ ಆಗುತ್ತೆ. ಎಣ್ಣೆ ಆಧಾರದ ಪಾಲಿಕ್ರೋಮಸ್ ಇಷ್ಟು ಕಾಡಲ್ಲ. ಒಳಗೆ ಸೀಸ ಮುರಿದಿದೆ ಅಂತ ಮೈಕ್ರೋವೇವ್‌ಗೆ ಹಾಕೋ ವಿಡಿಯೋ ನೋಡಿ ಹಾಕೀರಿ ಮತ್ತೆ, ಕಡ್ಡಿ ಮೇಲಿನ ಬೆಳ್ಳಿ ಬಂಗಾರದ ಅಕ್ಷರ ಲೋಹದ ಹಾಳೆ ಇದ್ರೆ ಕಿಡಿ ಹಾರುತ್ತೆ.

ಕೆಲಸ ಮಾಡುವಾಗ ಬೆವರ ಅಂಗೈ ಕೆಳಗೆ ಬಟರ್ ಪೇಪರ್ ಇರಲಿ. ಪುಡಿಯನ್ನ ಊದಬೇಡ್ರಿ, ಎಂಜಲು ಬೀಳುತ್ತೆ. ಕೈಯಿಂದ ಸವರಬೇಡ್ರಿ, ಗೀರಾಗುತ್ತೆ. ಹೊಸ ಶೇವಿಂಗ್ ಬ್ರಷ್ ಒಂದು ಸಾಕು. ಮತ್ತೆ ನೀವು ಮೊದಲು ಹಾಕಿದ ಆ ಬಂಡೆ ಚಿತ್ರದ ಗಾಢ ಜಾಗದಲ್ಲಿ ಕೆಲವು ವಾರಕ್ಕೆ ಬೂದಿ ಬಳಿದಂಗೆ ಬಿಳಿ ಮಬ್ಬು ಬಂದ್ರೆ ಬೂಷ್ಟು ಅಂತ ಗಾಬರಿ ಆಗಬೇಡ್ರಿ. ಒಳಗಿನ ಮೇಣ ಮೇಲೆ ಬಂದಿರೋದು. ಒಣ ಹತ್ತಿ ಬಟ್ಟೆಯಿಂದ ಮೆತ್ತಗೆ ಒರೆಸಿ, ಆಮೇಲೆ ಫಿಕ್ಸೆಟಿವ್ (ಬಣ್ಣ ಹಿಡಿದಿಡೋ ಸ್ಪ್ರೇ) ಎರಡು ತೆಳು ಪದರ, ಟೆರೇಸ್ ಮೇಲೆ, ಗಾಳಿ ಇಲ್ಲದ ಬೆಳಗ್ಗೆ ಹೊತ್ತು.